ಒಣ ವರ್ಷದಲ್ಲಿ ಒಕವಾಂಗೊ: ಒಂದು ಕುಟುಂಬದ ಸಫಾರಿ ಯೋಜನೆ

ಕುಟುಂಬದಲ್ಲಿ ಆರು ಜನ. ಮೈಸೂರಿನಲ್ಲಿರುವ ಅಜ್ಜ, ಅಜ್ಜಿ. ಬೆಂಗಳೂರಿನಲ್ಲಿರುವ ಮಗಳು, ಅಳಿಯ. ಹತ್ತು ವರ್ಷದ ಮೊಮ್ಮಗ, ಇನ್ನೂ ಆರು ತುಂಬದ ಮೊಮ್ಮಗಳು. ಅಜ್ಜ ನಿವೃತ್ತ ವಕೀಲರು. ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ನಡೆಯುತ್ತಿದೆ. ಕಬಿನಿ, ನಾಗರಹೊಳೆಗೆ ಕ್ಯಾಮೆರಾ ಹೊತ್ತು ಎಷ್ಟೋ ಸಲ ಹೋದವರು. ಅಜ್ಜಿ ಶುದ್ಧ ಸಸ್ಯಾಹಾರಿ. ಮೊಮ್ಮಗನಿಗೆ ಚೀತಾ ಹುಚ್ಚು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದ ಎಂಟು ಚೀತಾಗಳು ಕುನೊಗೆ ಬಂದಿಳಿದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಶುರುವಾದದ್ದು.

2023ರ ಅಕ್ಟೋಬರಿನಲ್ಲಿ ಇವರು ಪ್ರವಾಸ ಯೋಜಿಸಿಕೊಡುವ ನಮ್ಮ ಆಫೀಸಿಗೆ ಬಂದಾಗ ಕೈಯಲ್ಲಿ ಬೇರೊಬ್ಬರು ಮಾಡಿಕೊಟ್ಟ ಪ್ಲಾನ್ ಇತ್ತು. ಕೇಪ್‌ಟೌನ್ ಮೂರು ರಾತ್ರಿ, ಕ್ರೂಗರ್ ಎರಡು, ವಿಕ್ಟೋರಿಯಾ ಜಲಪಾತ ಎರಡು, ಬೋಟ್ಸ್ವಾನಾ ದೇಶದ ಚೋಬೆ ಎರಡು, ಅಲ್ಲಿನದೇ ಒಕವಾಂಗೊ ಎರಡು, ಜೋಹಾನ್ಸ್‌ಬರ್ಗ್ ಒಂದು. ಹನ್ನೆರಡು ರಾತ್ರಿಗೆ ಆರು ಕಡೆ ಗಂಟುಮೂಟೆ ಕಟ್ಟಬೇಕು. ಎಲ್ಲ ಕಡೆಯೂ ಐದು ನಕ್ಷತ್ರ. ಫೋಟೊಗಳಲ್ಲಿ ಎಲ್ಲೆಲ್ಲೂ ಬಾತ್‌ಟಬ್, ಅದರಾಚೆ ಒಂದು ಆನೆ.

ನನಗೆ ಕಂಡ ತೊಂದರೆ ಖರ್ಚಿನದ್ದಲ್ಲ, ಖರ್ಚು ಹೋಗುತ್ತಿದ್ದ ಜಾಗದ್ದು. ಆಫ್ರಿಕಾ ಖಂಡದ ದಕ್ಷಿಣ ಭಾಗದ ದುಬಾರಿ ಸಫಾರಿಯಲ್ಲಿ ರೂಮು ಹೇಗೂ ಚೆನ್ನಾಗಿಯೇ ಇರುತ್ತದೆ. ನಿಜವಾಗಿ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಮೂರು: ಗಾಡಿಗಳಿಲ್ಲದ ಕಾಡು, ಒಳ್ಳೆಯ ಗೈಡ್, ಮತ್ತು ಒಂದೇ ಕಡೆ ಕೂರುವಷ್ಟು ಸಮಯ. ಆ ಪ್ಲಾನ್‌ನಲ್ಲಿ ಬಾತ್‌ಟಬ್ ಇತ್ತು, ಈ ಮೂರೂ ಇರಲಿಲ್ಲ.

ಸಮಯದ ಲೆಕ್ಕ ಹೀಗೆ. ಸಫಾರಿ ಕ್ಯಾಂಪಿನಲ್ಲಿ ಬೆಳಗ್ಗೆ ಐದೂವರೆಗೆಲ್ಲ ಎಬ್ಬಿಸುತ್ತಾರೆ. ಕಾಫಿ ಕುಡಿದು ಹೊರಟರೆ ಹತ್ತು ಹನ್ನೊಂದರವರೆಗೆ ಕಾಡಿನಲ್ಲಿ. ಆಮೇಲೆ ಊಟ, ನಿದ್ದೆ. ಮೂರೂವರೆಗೆ ಟೀ, ಮತ್ತೆ ಹೊರಟರೆ ಕತ್ತಲಾದ ಮೇಲೆ ವಾಪಸ್. ಎರಡು ರಾತ್ರಿ ಉಳಿದರೆ ಸಿಗುವುದು ಒಂದೇ ಒಂದು ಪೂರ್ತಿ ದಿನ, ಆಚೀಚೆ ಎರಡು ಅರ್ಧ. ಮೊದಲ ದಿನ ಗೈಡ್‌ಗೆ ನೀವು ಯಾರೆಂದು ಗೊತ್ತಿಲ್ಲ. ಮೂರನೇ ದಿನದ ಹೊತ್ತಿಗೆ ಅವನಿಗೆ ನಿಮ್ಮ ರುಚಿ ತಿಳಿದಿರುತ್ತದೆ, ನಿಮಗೆ ಸಿಂಹ ಕಂಡರೂ ಗಡಿಬಿಡಿ ಇರುವುದಿಲ್ಲ. ಅಷ್ಟರಲ್ಲಿ ಜಾಗ ಖಾಲಿ ಮಾಡಿದರೆ ಏನು ಲಾಭ?

ಕೇಪ್‌ಟೌನ್ ಮೊದಲು ಬಿತ್ತು. ಅದಕ್ಕೆ ಮಗಳು ಬೇಸರ ಮಾಡಿಕೊಂಡರು, ಈಗಲೂ ಅದನ್ನೇ ಹೇಳುತ್ತಾರೆ. ಒಳ್ಳೆಯ ಊರು, ನಿಜ. ಆದರೆ ಮೇ ಹೊತ್ತಿಗೆ ಅಲ್ಲಿ ಚಳಿ, ಮಳೆ ಶುರುವಾಗುತ್ತದೆ. ಕಾಡಿಗೆ ಹೋಗುವ ಪ್ರವಾಸಕ್ಕೆ ಅದನ್ನು ತುರುಕುವುದು ಬೇಡ ಎಂದೆ.

ಮೇ ಯಾಕೆ? ಮಕ್ಕಳ ಶಾಲೆ. ಬೇಸಿಗೆ ರಜೆ ಅಥವಾ ದಸರಾ ರಜೆ, ಎರಡೇ ದಾರಿ. ಬೋಟ್ಸ್ವಾನಾದಲ್ಲಿ ಅಕ್ಟೋಬರ್ ಎಂದರೆ ಒಣಕಾಲದ ಕೊನೆ. ಉಳಿದ ನೀರಿನ ಸುತ್ತ ಪ್ರಾಣಿಗಳು ಗುಂಪು ಗುಂಪಾಗಿ ಸೇರುತ್ತವೆ, ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಜೊತೆಗೆ ಅದು ಅತಿ ಹೆಚ್ಚು ದರದ ಸೀಸನ್. ಮೇ ತಿಂಗಳು ನಡುವಿನದ್ದು. ಮಳೆ ನಿಂತಿರುತ್ತದೆ, ಹುಲ್ಲು ಒಣಗಲು ಶುರುವಾಗಿರುತ್ತದೆ, ಹಗಲು ಹಿತವಾಗಿರುತ್ತದೆ, ದರವೂ ಜುಲೈಯಿಂದ ಅಕ್ಟೋಬರಿನದ್ದಕ್ಕಿಂತ ಕಡಿಮೆ. ಇನ್ನೊಂದು ಕಾರಣವೂ ಇತ್ತು: ಏಪ್ರಿಲ್‌ನಲ್ಲಿ ಮೊಮ್ಮಗಳಿಗೆ ಆರು ತುಂಬುತ್ತಿತ್ತು. ಬಹಳಷ್ಟು ಕ್ಯಾಂಪ್‌ಗಳು ಆರು ವರ್ಷದೊಳಗಿನ ಮಕ್ಕಳನ್ನು ತೆರೆದ ಗಾಡಿಯಲ್ಲಿ ಕೂರಿಸುವುದಿಲ್ಲ. ಕೆಲವಕ್ಕೆ ಎಂಟು ಆಗಿರಬೇಕು, ಕೆಲವಕ್ಕೆ ಹನ್ನೆರಡು. ಫೋಟೊ ನೋಡಿ ಇಷ್ಟಪಟ್ಟ ಎರಡು ಕ್ಯಾಂಪ್‌ಗಳು ಇದೊಂದೇ ಕಾರಣಕ್ಕೆ ಪಟ್ಟಿಯಿಂದ ಹೊರಗೆ ಹೋದವು. ಮಕ್ಕಳಿರುವ ಮನೆಯವರು ದರ ಕೇಳುವ ಮೊದಲು ವಯಸ್ಸಿನ ಮಿತಿ ಕೇಳಬೇಕು.

ಮಲೇರಿಯಾ ಎರಡನೆಯ ಪ್ರಶ್ನೆ. ಕ್ರೂಗರ್ ಮತ್ತು ಅದರ ಪಕ್ಕದ ಖಾಸಗಿ ಕಾಡು ಸಾಬಿ ಸ್ಯಾಂಡ್ ಎರಡೂ ಮಲೇರಿಯಾ ಇರುವ ಜಾಗಗಳು. ಸಾಬಿ ಸ್ಯಾಂಡ್ ಮತ್ತು ಕ್ರೂಗರ್ ನಡುವಿನ ಬೇಲಿಯನ್ನು 1993ರಲ್ಲೇ ತೆಗೆದರು, ಪ್ರಾಣಿಗಳು ಆರಾಮಾಗಿ ಓಡಾಡುತ್ತವೆ. ಚಿರತೆಯನ್ನು ಹತ್ತಿರದಿಂದ ನೋಡಬೇಕೆಂದರೆ ಜಗತ್ತಿನಲ್ಲೇ ಅಂಥ ಜಾಗ ಅಪರೂಪ. ಅಜ್ಜನಿಗೆ ಅದೇ ಬೇಕಿತ್ತು. ಆದರೆ ಒಕವಾಂಗೊದಲ್ಲೂ ಮಲೇರಿಯಾ ಇದೆ. ಮಗುವಿಗೆ ಪ್ರವಾಸವಿಡೀ ಮಾತ್ರೆ ಕೊಡಬೇಕಾಗುತ್ತದೆ ಎಂದು ಮಗಳು ಹಿಂಜರಿದರು. ಕೊನೆಗೆ ದಕ್ಷಿಣ ಆಫ್ರಿಕಾದ ಭಾಗಕ್ಕೆ ಮಡಿಕ್ವೆ ಆರಿಸಿದೆವು.

ಮಡಿಕ್ವೆ ನಮ್ಮವರಿಗೆ ಅಷ್ಟು ಗೊತ್ತಿಲ್ಲ. ಬೋಟ್ಸ್ವಾನಾ ಗಡಿಗೆ ಅಂಟಿಕೊಂಡಿದೆ, ಸುಮಾರು 750 ಚದರ ಕಿಲೋಮೀಟರ್. ಮಲೇರಿಯಾ ಇಲ್ಲ. ಮೊದಲು ಅಲ್ಲಿ ದನದ ಫಾರ್ಮ್‌ಗಳಿದ್ದವು. 1991ರಲ್ಲಿ ಅದನ್ನು ರಕ್ಷಿತ ಕಾಡಾಗಿ ಮಾಡಿ, ಬೇರೆ ಕಾಡುಗಳಿಂದ 8,000ಕ್ಕೂ ಜಾಸ್ತಿ ಪ್ರಾಣಿಗಳನ್ನು ತಂದುಬಿಟ್ಟರು. ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ ಪ್ರವೇಶವಿಲ್ಲ, ಲಾಡ್ಜ್‌ನಲ್ಲಿ ಉಳಿದವರಿಗೆ ಮಾತ್ರ. ಹಾಗಾಗಿ ಗಾಡಿಗಳ ಜಾತ್ರೆ ಇಲ್ಲ. ಆಫ್ರಿಕಾದ ಕಾಡುನಾಯಿ ನೋಡಲು ಒಳ್ಳೆಯ ಜಾಗ. ಚಿರತೆ ಮಾತ್ರ ಸಾಬಿ ಸ್ಯಾಂಡ್‌ನಷ್ಟು ಸುಲಭವಲ್ಲ. ಅದನ್ನು ಅಜ್ಜನಿಗೆ ಮೊದಲೇ ಹೇಳಿದ್ದೆ. ‘ಚಿರತೆ ಕಬಿನಿಯಲ್ಲೇ ಇದೆ ಬಿಡಿ’ ಎಂದರು. ಒಕವಾಂಗೊದ ದಿನಗಳಿಗೆ ಮಾತ್ರೆ ಯಾವುದು, ತೂಕಕ್ಕೆ ತಕ್ಕಂತೆ ಎಷ್ಟು ಎನ್ನುವುದನ್ನು ಅವರ ಡಾಕ್ಟರ್ ಬರೆದುಕೊಟ್ಟರು. ಅದು ನಮ್ಮಂಥವರು ಹೇಳುವ ವಿಷಯವೂ ಅಲ್ಲ.

ಈಗ ಒಕವಾಂಗೊ. ಪ್ರಕರಣದ ಮುಕ್ಕಾಲು ತಲೆನೋವು, ಅರ್ಧಕ್ಕಿಂತ ಹೆಚ್ಚು ದುಡ್ಡು, ಎಲ್ಲ ಇಲ್ಲೇ.

ಈ ನದಿ ಸಮುದ್ರ ಸೇರುವುದಿಲ್ಲ. ಅಂಗೋಲಾದ ಎತ್ತರದ ಪ್ರದೇಶದಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಸುರಿದ ಮಳೆ ಕುಬಾಂಗೊ, ಕುಯಿಟೊ ನದಿಗಳಲ್ಲಿ ಇಳಿದು, ನಮೀಬಿಯಾದ ಒಂದು ಪಟ್ಟಿ ದಾಟಿ ಬೋಟ್ಸ್ವಾನಾಕ್ಕೆ ಬರುತ್ತದೆ. ಅಲ್ಲಿ ಮೊದಲು ಒಂದು ಕಿರಿದಾದ ಭಾಗ, ಪ್ಯಾನ್‌ಹ್ಯಾಂಡಲ್ ಅನ್ನುತ್ತಾರೆ. ಅದನ್ನು ದಾಟಿ ಕಲಹಾರಿ ಮರಳಿನ ಮೇಲೆ ಹರಡಿಕೊಂಡು, ಆವಿಯಾಗಿ, ಇಂಗಿ ಮುಗಿಯುತ್ತದೆ. ಹೀಗೆ ನೀರು ಹರಡುವ ಜಾಗವೇ ಡೆಲ್ಟಾ. ಇಳಿಜಾರು ಎಷ್ಟು ಕಡಿಮೆ ಎಂದರೆ 250 ಕಿಲೋಮೀಟರ್ ಉದ್ದಕ್ಕೆ ಸುಮಾರು 60 ಮೀಟರ್. ನೀರು ತೆವಳುತ್ತದೆ. ಏಪ್ರಿಲ್ ಸುಮಾರಿಗೆ ಮೇಲ್ತುದಿಗೆ ಬಂದ ನೆರೆ ಕೆಳತುದಿಯ ಮೌನ್ ಪಟ್ಟಣ ಮುಟ್ಟುವಾಗ ಜೂನ್, ಜುಲೈ ಆಗಿರುತ್ತದೆ. ಅಂದರೆ ಅಲ್ಲಿ ಒಂದು ಹನಿ ಮಳೆ ಇಲ್ಲದ ಕಾಲದಲ್ಲಿ ನೀರು ತುಂಬುತ್ತದೆ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ 1,000ನೇ ತಾಣ ಇದೇ.

ಪ್ಲಾನ್ ಮಾಡುವವರಿಗೆ ಇದರಿಂದ ಒಂದು ಕಷ್ಟ. ‘ಒಕವಾಂಗೊ’ ಎಂದು ಬುಕ್ ಮಾಡಿದರೆ ಏನೂ ಬುಕ್ ಮಾಡಿದಂತಲ್ಲ. ವರ್ಷವಿಡೀ ನೀರಿರುವ ಕ್ಯಾಂಪ್‌ಗಳಿವೆ. ನೆರೆ ಬಂದಾಗ ಮಾತ್ರ ನೀರು ಕಾಣುವ ಕ್ಯಾಂಪ್‌ಗಳಿವೆ. ನೀರಿನ ನಡುವಿನ ಕ್ಯಾಂಪ್‌ನಲ್ಲಿ ಮೊಕೊರೊ ದೋಣಿ, ಹಕ್ಕಿ, ಆನೆ, ಹಿಪ್ಪೊ ಚೆನ್ನ. ಸಿಂಹ, ಚೀತಾ ಕಡಿಮೆ. ಒಣ ಅಂಚಿನ ಕ್ಯಾಂಪ್‌ನಲ್ಲಿ ಬೇಟೆಪ್ರಾಣಿಗಳು ಜಾಸ್ತಿ, ಆದರೆ ದೋಣಿಗೆ ನೀರಿಲ್ಲ. ವೆಬ್‌ಸೈಟ್‌ಗಳಲ್ಲಿ ಎಲ್ಲರ ಫೋಟೊದಲ್ಲೂ ಮೊಕೊರೊ ಇರುತ್ತದೆ. ಆ ಫೋಟೊ ಯಾವ ತಿಂಗಳಲ್ಲಿ ತೆಗೆದದ್ದು ಎಂದು ಕೇಳಬೇಕು. ಮೊಕೊರೊ ಎಂದರೆ ಹಿಂದೆ ನಿಂತು ಉದ್ದನೆಯ ಕೋಲಿನಿಂದ ತಳ್ಳುವ ಕಿರಿದಾದ ದೋಣಿ. ಮುಂಚೆ ಒಂದೇ ಮರದ ದಿಮ್ಮಿ ಕೊರೆದು ಮಾಡುತ್ತಿದ್ದರು, ಈಗ ಹೆಚ್ಚಿನವು ಫೈಬರ್‌ಗ್ಲಾಸ್.

ಇನ್ನೊಂದು ಆಯ್ಕೆಯೂ ಇತ್ತು: ಮೊರೆಮಿ ಒಳಗೋ, ಹೊರಗಿನ ಖಾಸಗಿ ಕನ್ಸೆಷನ್‌ನಲ್ಲೋ? ಮೊರೆಮಿ ಅಭಯಾರಣ್ಯ ಬಟವಾನಾ ಜನರೇ 1963ರಲ್ಲಿ ತಮ್ಮ ನೆಲದಲ್ಲಿ ಮಾಡಿಕೊಂಡದ್ದು. ಕಾಡು ಅದ್ಭುತ. ಆದರೆ ಅಲ್ಲಿ ದಾರಿ ಬಿಟ್ಟು ಗಾಡಿ ಇಳಿಸುವಂತಿಲ್ಲ, ಕತ್ತಲಾದ ಮೇಲೆ ಓಡಾಡುವಂತಿಲ್ಲ. ಕಬಿನಿಯಲ್ಲಿ ಸಫಾರಿ ಮಾಡಿದವರಿಗೆ ಈ ನಿಯಮಗಳು ಹೊಸದಲ್ಲ. ಖಾಸಗಿ ಕನ್ಸೆಷನ್ ಎಂದರೆ ಸರ್ಕಾರದಿಂದ ಗುತ್ತಿಗೆ ಪಡೆದ ಕಾಡು. ಅಲ್ಲಿ ಒಂದು ಹೆಜ್ಜೆ ಗುರುತು ಹಿಡಿದು ಪೊದೆ ನಡುವೆ ಹೋಗಬಹುದು, ರಾತ್ರಿ ಸುತ್ತಬಹುದು, ಬೇರೆ ಕ್ಯಾಂಪಿನ ಗಾಡಿಗಳು ಬರುವುದಿಲ್ಲ. ದರದಲ್ಲಿ ದೊಡ್ಡ ಪಾಲು ಈ ಖಾಲಿತನಕ್ಕೇ ಹೋಗುತ್ತದೆ. ಬೋಟ್ಸ್ವಾನಾ ಉದ್ದೇಶಪೂರ್ವಕವಾಗಿ ಕಡಿಮೆ ಜನ, ಹೆಚ್ಚು ದರ ಎಂಬ ನೀತಿ ಇಟ್ಟುಕೊಂಡಿದೆ. ಅಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಸಾವಿರ ಡಾಲರ್ ಎಂದರೆ ಯಾರೂ ಕಣ್ಣರಳಿಸುವುದಿಲ್ಲ. ಎರಡೂವರೆ ಸಾವಿರ ದಾಟುವ ಕ್ಯಾಂಪ್‌ಗಳೂ ಇವೆ. ಊಟ, ಪಾನೀಯ, ಬಟ್ಟೆ ಒಗೆಯುವುದು, ದಿನಕ್ಕೆ ಎರಡು ಸಫಾರಿ ಅದರಲ್ಲೇ.

ಅಳಿಯ ಆರಿಸಿದ್ದು ಪ್ರತಿ ಟೆಂಟಿಗೂ ಸ್ವಂತ ಈಜುಕೊಳ ಇರುವ ಕ್ಯಾಂಪ್. ನಾನು ಹೇಳಿದ್ದು ಒಂದು ಮೆಟ್ಟಿಲು ಕೆಳಗಿನದ್ದು: ಕೆಲವೇ ಟೆಂಟು, ಖಾಸಗಿ ಕನ್ಸೆಷನ್, ಡೆಲ್ಟಾದ ವಾಯವ್ಯದಲ್ಲಿ ಶಾಶ್ವತ ನೀರಿನ ಪಕ್ಕ, ಇನ್ನೊಂದು ಬದಿಗೆ ಒಣ ಹುಲ್ಲುಗಾವಲು. ಎರಡರ ದರದ ವ್ಯತ್ಯಾಸದಲ್ಲಿ ಇನ್ನೊಂದು ರಾತ್ರಿ ಮತ್ತು ಮಡಿಕ್ವೆಯಲ್ಲಿ ಅವರಿಗೇ ಮೀಸಲಾದ ಗಾಡಿ, ಎರಡೂ ಆಗುತ್ತಿತ್ತು. ಮೇ ತಿಂಗಳ ಬೆಳಗಿನ ಚಳಿಗೆ ಆ ಕೊಳಕ್ಕೆ ಇಳಿಯುವವರು ಯಾರು, ಅಲ್ವಾ? ಇದಕ್ಕೆ ಮೂರು ವಾರ ಎಳೆದಾಡಿದೆವು. ಮೀಸಲು ಗಾಡಿ ಶೋಕಿಯಲ್ಲ. ಆರು ವರ್ಷದ ಮಗುವಿಗೆ ನಿದ್ದೆ ಬಂದರೆ ವಾಪಸ್ ಬರಬೇಕು, ಅಜ್ಜನಿಗೆ ಒಂದು ಹಕ್ಕಿಯ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಗಾಡಿಯಲ್ಲಿ ಬೇರೆಯವರಿದ್ದರೆ ಇಬ್ಬರಿಗೂ ಸಂಕಟ. ಕೊನೆಗೆ ಮಗಳು ‘ಈಜುಕೊಳ ನಮ್ಮ ಅಪಾರ್ಟ್‌ಮೆಂಟಲ್ಲೇ ಇದೆ’ ಎಂದು ಮಾತು ಮುಗಿಸಿದರು.

ನವೆಂಬರಿನಲ್ಲಿ ಗಟ್ಟಿಯಾದ ಪ್ಲಾನ್ ಇದು: ಜೋಹಾನ್ಸ್‌ಬರ್ಗ್ ಒಂದು ರಾತ್ರಿ, ಮಡಿಕ್ವೆ ಮೂರು, ಮತ್ತೆ ಜೋಹಾನ್ಸ್‌ಬರ್ಗ್ ಒಂದು, ಒಕವಾಂಗೊ ನಾಲ್ಕು, ಚೋಬೆ ನದಿ ದಡದ ಕಸಾನೆ ಒಂದು, ವಿಕ್ಟೋರಿಯಾ ಜಲಪಾತ ಎರಡು. ಜೋಹಾನ್ಸ್‌ಬರ್ಗ್‌ನ ಎರಡು ರಾತ್ರಿ ಬರೀ ವಿಮಾನಕ್ಕಾಗಿ. ಡೆಲ್ಟಾದ ಪುಟ್ಟ ವಿಮಾನಗಳು ಹಗಲಿನಲ್ಲಿ ಮಾತ್ರ ಹಾರುತ್ತವೆ. ಮೌನ್‌ಗೆ ಮಧ್ಯಾಹ್ನದೊಳಗೆ ತಲುಪದಿದ್ದರೆ ಕ್ಯಾಂಪಿಗೆ ಹೋಗುವಂತಿಲ್ಲ.

ಅಳಿಯ ಹುಡುಕಿದ ಅಗ್ಗದ ಟಿಕೆಟ್ ಆಡಿಸ್ ಅಬಾಬಾ ಮೂಲಕ ಇತ್ತು, ರಾತ್ರಿಯಿಡೀ ಕಾಯುವಂಥದ್ದು. ಇಥಿಯೋಪಿಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಂಥ ಕಡೆ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ನಿಂತು ಬಂದವರಿಂದ ದಕ್ಷಿಣ ಆಫ್ರಿಕಾ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ವಾಪಸ್ ಬರುವಾಗ ಭಾರತವೂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆಯೇ ಪ್ರಮಾಣಪತ್ರ ಚಾಲ್ತಿಗೆ ಬರುವುದು. ಎಪ್ಪತ್ತು ದಾಟಿದವರಿಗೆ ಆ ಲಸಿಕೆ ಕೊಡುವ ಮುನ್ನ ಡಾಕ್ಟರ್‌ಗಳು ಎರಡು ಸಲ ಯೋಚಿಸುತ್ತಾರೆ. ಒಂದಷ್ಟು ಸಾವಿರ ಉಳಿಸಲು ಇಷ್ಟೆಲ್ಲ ಯಾಕೆ? ದುಬೈ ಮೂಲಕ ಹೋದರು. ದಕ್ಷಿಣ ಆಫ್ರಿಕಾಕ್ಕೆ ಎರಡೆರಡು ಸಲ ಕಾಲಿಡುವುದರಿಂದ ಅದಕ್ಕೆ ತಕ್ಕ ವೀಸಾ ಕೇಳಿದೆವು. ಮಕ್ಕಳ ಜನನ ಪ್ರಮಾಣಪತ್ರ, ತಂದೆ ತಾಯಿ ಇಬ್ಬರ ಹೆಸರೂ ಇರುವಂಥದ್ದು, ಕೈಚೀಲದಲ್ಲೇ ಇಟ್ಟುಕೊಳ್ಳಲು ಹೇಳಿದೆ.

2024ರ ಫೆಬ್ರವರಿ ಹೊತ್ತಿಗೆ ಆಫ್ರಿಕಾ ಖಂಡದ ದಕ್ಷಿಣ ಭಾಗವಿಡೀ ಬರ. ಎಲ್ ನಿನೊ ವರ್ಷ ಅದು. ಮಳೆ ಕೈಕೊಟ್ಟಿತ್ತು. ಕ್ಯಾಂಪಿನವರಿಗೆ ಪತ್ರ ಬರೆದು ಮೂರು ಪ್ರಶ್ನೆ ಕೇಳಿದೆ: ನಿಮ್ಮ ಮುಂದಿನ ನೀರು ಶಾಶ್ವತವೋ, ನೆರೆಯದ್ದೋ? ಹಿಂದಿನ ಒಣ ವರ್ಷಗಳಲ್ಲಿ ಮೇ ತಿಂಗಳಲ್ಲಿ ಮೊಕೊರೊ ನಡೆಯಿತೇ? ನಡೆಯದಿದ್ದರೆ ಬದಲಿಗೆ ಏನು? ಉತ್ತರ ನೇರವಾಗಿತ್ತು. ಲಗೂನ್, ಅಂದರೆ ಕ್ಯಾಂಪಿನ ಮುಂದಿನ ನೀರು, ಬತ್ತುವುದಿಲ್ಲ, ಮೋಟಾರ್ ದೋಣಿ ಖಂಡಿತ, ಮೊಕೊರೊ ಹತ್ತಿರದ ಒಂದು ಕಾಲುವೆಯಲ್ಲಿ ಮಾತ್ರ, ಹುಲ್ಲುಗಾವಲು ಈ ಸಲ ಜಾಸ್ತಿ ಒಣಗಿರುತ್ತದೆ.

ಏಪ್ರಿಲ್‌ನಲ್ಲಿ ಫೋನ್ ಬಂತು. ಮೌನ್ ಬಳಿ ಥಮಲಕಾನೆ ನದಿ ಬತ್ತಿ, ಹಿಪ್ಪೊಗಳು ಕೆಸರಿನಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ, ವಿಡಿಯೊ ಎಲ್ಲ ಕಡೆ ಓಡಾಡುತ್ತಿತ್ತು. ‘ಅಲ್ಲಿ ನೀರೇ ಇಲ್ಲವಂತಲ್ಲ ಮಾರಾಯರೇ, ಲಕ್ಷಗಟ್ಟಲೆ ಸುರಿದು ಕೆಸರು ನೋಡೋಕೆ ಹೋಗಬೇಕಾ?’ ಅಳಿಯನ ಪ್ರಶ್ನೆ ಸರಿಯಾದದ್ದೇ. ನಕ್ಷೆ ತೆಗೆದು ತೋರಿಸಿದೆ. ಥಮಲಕಾನೆ ಇರುವುದು ಡೆಲ್ಟಾದ ಕಟ್ಟಕಡೆಯಲ್ಲಿ. ನೀರು ಕೊನೆಗೆ ಮುಟ್ಟುವ ಜಾಗ ಅದು. ಅವರ ಕ್ಯಾಂಪ್ ಇದ್ದದ್ದು ನೀರು ಮೊದಲು ಮುಟ್ಟುವ ಕಡೆ. ಒಣ ವರ್ಷದ ಇನ್ನೊಂದು ಮುಖವನ್ನೂ ಹೇಳಿದೆ: ನೆರೆ ಕಡಿಮೆಯಾದಷ್ಟೂ ಗಾಡಿ ಓಡಿಸಲು ನೆಲ ಜಾಸ್ತಿ, ಪ್ರಾಣಿಗಳು ಉಳಿದ ನೀರಿನ ಹತ್ತಿರವೇ. ದಿನಾಂಕ ಬದಲಿಸಲು ಅವಕಾಶವಿದೆ, ಆದರೆ ದಂಡ ಬೀಳುತ್ತದೆ ಎಂದೂ ಹೇಳಿದೆ. ಒಂದು ರಾತ್ರಿ ಯೋಚಿಸಿ ಹೋಗುವುದೆಂದು ತೀರ್ಮಾನಿಸಿದರು. ಅಜ್ಜನ ತಲೆಬಿಸಿ ಬೇರೆಯದೇ ಇತ್ತು. ಲೋಕಸಭೆ ಚುನಾವಣೆಗೆ ಮತ ಹಾಕದೆ ಹೊರಡುವುದಿಲ್ಲ ಎನ್ನುತ್ತಿದ್ದರು. ಮೈಸೂರಿನ ಮತದಾನ ಏಪ್ರಿಲ್ 26ಕ್ಕೆ ಬಿದ್ದದ್ದರಿಂದ ಮೇ ಮೊದಲ ವಾರದ ವಿಮಾನಕ್ಕೆ ತೊಂದರೆಯಾಗಲಿಲ್ಲ.

ಲಗೇಜಿನ ವಿಷಯ ಚಿಕ್ಕದು, ಆದರೆ ಜಗಳ ದೊಡ್ಡದು. ಪುಟ್ಟ ವಿಮಾನದಲ್ಲಿ ಒಬ್ಬರಿಗೆ 20 ಕಿಲೊ, ಕೈಚೀಲ, ಕ್ಯಾಮೆರಾ ಎಲ್ಲ ಸೇರಿ. ಚಕ್ರದ ಗಟ್ಟಿ ಸೂಟ್‌ಕೇಸ್ ನಡೆಯುವುದಿಲ್ಲ, ವಿಮಾನದ ಹೊಟ್ಟೆಗೆ ತುರುಕಲು ಮೆತ್ತನೆಯ ಚೀಲವೇ ಬೇಕು. ಅಜ್ಜನ ಲೆನ್ಸ್‌ಗಳೇ ಎಂಟು ಕಿಲೊ. ಕ್ಯಾಂಪಿನಲ್ಲಿ ದಿನಾ ಬಟ್ಟೆ ಒಗೆದುಕೊಡುತ್ತಾರೆ, ನಾಲ್ಕು ಜೊತೆ ಸಾಕು ಎಂದರೆ ಅಜ್ಜಿ ನಂಬಲಿಲ್ಲ. ಮಕ್ಕಳ ಚೀಲ ಹಗುರ ಇದ್ದದ್ದರಿಂದ ಒಟ್ಟು ಲೆಕ್ಕದಲ್ಲಿ ಪಾರಾದರು. ವಿಮೆಯಲ್ಲಿ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಕ್ಯಾಂಪಿನಲ್ಲಿ ಡಾಕ್ಟರ್ ಇರುವುದಿಲ್ಲ, ಏನಾದರೂ ಆದರೆ ವಿಮಾನದಲ್ಲೇ ಸಾಗಿಸಬೇಕು. ಆ ಖರ್ಚನ್ನು ಒಳಗೊಂಡ, ಬಿಪಿ ಇರುವುದನ್ನು ಮೊದಲೇ ಬರೆದುಕೊಟ್ಟ ವಿಮೆಯೇ ಬೇಕು.

ಊಟಕ್ಕೆ ‘ವೆಜಿಟೇರಿಯನ್’ ಎಂದಷ್ಟೇ ಬರೆಯದೆ, ಮಾಂಸ, ಮೀನು, ಮೊಟ್ಟೆ ಬೇಡ, ಹಾಲು, ಮೊಸರು, ತುಪ್ಪ ಆಗುತ್ತದೆ, ಖಾರ ಇರಲಿ ಎಂದು ಬಿಡಿಸಿ ಎರಡು ತಿಂಗಳು ಮೊದಲೇ ಕಳಿಸಿದೆವು. ಅಲ್ಲಿಗೆ ತರಕಾರಿ ದೂರದಿಂದ ಬರಬೇಕು, ಹಿಂದಿನ ದಿನ ಹೇಳಿದರೆ ಏನೂ ಮಾಡಲಾಗುವುದಿಲ್ಲ. ಅಜ್ಜಿಗೆ ಹಿಡಿಸಿದ್ದು ಕ್ಯಾಂಪಿನ ಪಾಸ್ತಾ ಅಲ್ಲ. ಅಡುಗೆಯವರು ತಮಗಾಗಿ ಮಾಡಿಕೊಂಡಿದ್ದ ಬೊಗೊಬೆ, ಅಂದರೆ ಜೋಳದ ಹಿಟ್ಟಿನ ಗಂಜಿ, ಜೊತೆಗೆ ಮೊರೊಗೊ ಎಂಬ ಸೊಪ್ಪು. ನಮ್ಮ ಮುದ್ದೆ, ಸೊಪ್ಪುಸಾರಿನ ಅಣ್ಣತಮ್ಮಂದಿರ ಹಾಗಿದೆ ಎಂದರು.

ಹೋಗಿ ಬಂದ ಮೇಲೆ ಕೂತು ಮಾತಾಡಿದೆವು. ಮಡಿಕ್ವೆಯಲ್ಲಿ ಕಾಡುನಾಯಿಗಳ ಗುಂಪು ಸಿಕ್ಕಿತು. ಬೆಳಗಿನ ಚಳಿ ಅಜ್ಜಿಗೆ ತಡೆಯಲಾಗಲಿಲ್ಲ. ಕಂಬಳಿ, ಬಿಸಿನೀರಿನ ಚೀಲ ಕೊಡುತ್ತಾರೆ, ಆದರೂ ತೆರೆದ ಗಾಡಿಯಲ್ಲಿ ಗಾಳಿ ಕೊಯ್ಯುತ್ತದೆ. ಒಕವಾಂಗೊದಲ್ಲಿ ಮೊಕೊರೊ ಒಂದು ಬೆಳಗ್ಗೆ ಆಯಿತು. ಆರು ವರ್ಷದವಳನ್ನು ಹತ್ತಿಸಲಿಲ್ಲ, ಅವಳೂ ಅಜ್ಜಿಯೂ ಮೋಟಾರ್ ದೋಣಿಯಲ್ಲಿ ಹೋದರು. ಮೂರನೇ ಬೆಳಗ್ಗೆ ಗೈಡ್ ಮರಳಿನ ಮೇಲೆ ಚೀತಾ ಹೆಜ್ಜೆ ತೋರಿಸಿದ. ಸಿಂಹ, ಚಿರತೆಯ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳುವುದಿಲ್ಲ, ಅವು ಒಳಗೆ ಎಳೆದುಕೊಳ್ಳುತ್ತವೆ. ಚೀತಾಗೆ ಅದು ಪೂರ್ತಿ ಆಗುವುದಿಲ್ಲ, ಹಾಗಾಗಿ ಉಗುರು ಮೂಡುತ್ತದೆ. ದಾರಿ ಬಿಟ್ಟು ಒಂದೂವರೆ ಗಂಟೆ ಹಿಂಬಾಲಿಸಿದರು. ಹೆಜ್ಜೆ ಗಟ್ಟಿನೆಲದಲ್ಲಿ ತಪ್ಪಿಹೋಯಿತು. ಚೀತಾ ಸಿಗಲಿಲ್ಲ. ಹುಡುಗ ಅಳುತ್ತಾನೆಂದುಕೊಂಡಿದ್ದರಂತೆ, ಅವನು ಉಳಿದ ದಿನಗಳೆಲ್ಲ ಬಾನೆಟ್ ಮೇಲಿಂದ ಹೆಜ್ಜೆ ಹುಡುಕುತ್ತೇನೆಂದು ಗೈಡ್‌ಗೆ ಗಂಟುಬಿದ್ದ. ಅನುಮತಿ ಸಿಗಲಿಲ್ಲ, ಸರಿಯೇ.

ಇಷ್ಟವಾಗದ್ದು ಕಸಾನೆ. ಚೋಬೆ ನದಿಯ ಸಂಜೆ ದೋಣಿವಿಹಾರದಲ್ಲಿ ಆನೆಗಳು ಈಜುವುದು ನೋಡಿದರು, ಆದರೆ ಸುತ್ತಲೂ ದೋಣಿಗಳ ಸಾಲು. ಡೆಲ್ಟಾದ ಖಾಲಿತನದಿಂದ ನೇರ ಅಲ್ಲಿಗೆ ಬಂದವರಿಗೆ ಗಿಜಿಗಿಜಿ ಅನ್ನಿಸುವುದು ಸಹಜ. ಅಜ್ಜ ಒಬ್ಬರೇ ಖುಷಿಯಾಗಿದ್ದರು. ಅಲ್ಲಿನ ಸೆಡುಡು ದ್ವೀಪ ಯಾರದ್ದೆಂದು ಬೋಟ್ಸ್ವಾನಾ, ನಮೀಬಿಯಾ ನಡುವೆ ವ್ಯಾಜ್ಯವಿತ್ತು. 1890ರ ಒಪ್ಪಂದದಲ್ಲಿ ಗಡಿ ‘ಮುಖ್ಯ ಕಾಲುವೆ’ಯ ನಡುವೆ ಎಂದಿತ್ತು. ದ್ವೀಪದ ಎರಡೂ ಕಡೆಯ ಕಾಲುವೆಗಳಲ್ಲಿ ಮುಖ್ಯವಾದದ್ದು ಯಾವುದು? 1999ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಉತ್ತರದ್ದೇ ಮುಖ್ಯ ಎಂದು ಹೇಳಿ, ದ್ವೀಪ ಬೋಟ್ಸ್ವಾನಾ ಪಾಲಾಯಿತು. ದೋಣಿಯವನಿಗೆ ಈ ಪ್ರಕರಣ ಪೂರ್ತಿ ಗೊತ್ತಿತ್ತಂತೆ, ಇಬ್ಬರೂ ಆನೆ ಬಿಟ್ಟು ಅದನ್ನೇ ಮಾತಾಡಿದರು. ಇನ್ನೊಂದು ಸಲ ಇಂಥದೇ ಕುಟುಂಬ ಬಂದರೆ ಕಸಾನೆಯನ್ನು ಮೊದಲು ಇಟ್ಟು, ಡೆಲ್ಟಾವನ್ನು ಕೊನೆಗೆ ಇಡುತ್ತೇನೆ. ಜಲಪಾತದ ಬಗ್ಗೆ ಹೇಳುವುದು ಕಡಿಮೆ. ಮೇ ತಿಂಗಳಲ್ಲಿ ಹನಿಮೋಡ ಎಷ್ಟೆಂದರೆ ಕೆಲವು ಕಡೆ ನೀರೇ ಕಾಣುವುದಿಲ್ಲ, ನೆನೆಯುವುದು ಮಾತ್ರ ಗ್ಯಾರಂಟಿ.

ದುಡ್ಡು. ಬೆಂಗಳೂರಿನಿಂದ ಹೋಗಿಬರುವ ಟಿಕೆಟ್ ಬಿಟ್ಟು ಆರು ಜನಕ್ಕೆ ಸುಮಾರು 48 ಲಕ್ಷ ರೂಪಾಯಿ ಆಯಿತು. ಇದರ ಮೇಲೆ ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ಹಿಡಿದುಕೊಳ್ಳುವ ತೆರಿಗೆ. 2023ರ ಅಕ್ಟೋಬರಿನಿಂದ ವಿದೇಶ ಪ್ರವಾಸದ ಪ್ಯಾಕೇಜಿಗೆ ಒಬ್ಬರಿಗೆ ವರ್ಷಕ್ಕೆ 7 ಲಕ್ಷದವರೆಗೆ ಶೇ. 5, ಅದರ ಮೇಲಿನದಕ್ಕೆ ಶೇ. 20 ಹಿಡಿಯಬೇಕಿತ್ತು. ಆಮೇಲೆ ಈ ನಿಯಮ ಬದಲಾಗಿದೆ, ಹೋಗುವವರು ಈಗಿನ ದರ ಕೇಳಿಕೊಳ್ಳಿ. ಅಳಿಯ ಒಬ್ಬರೇ ಕಟ್ಟಿದ್ದರೆ ಟಿಸಿಎಸ್ಸೇ ಎಂಟೂವರೆ ಲಕ್ಷ ದಾಟುತ್ತಿತ್ತು. ಅಜ್ಜ ತಮ್ಮಿಬ್ಬರ ಪಾಲನ್ನು ತಮ್ಮ ಪ್ಯಾನ್‌ನಲ್ಲಿ ಕಟ್ಟಿದರು, ಸ್ವಲ್ಪ ಇಳಿಯಿತು. ಈ ಹಣ ರಿಟರ್ನ್ಸ್‌ನಲ್ಲಿ ವಾಪಸ್ ಕೇಳಬಹುದು ಅಥವಾ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗಿರುತ್ತದೆ. ಕ್ಯಾಂಪ್‌ನವರು ಬಾಕಿ ಹಣವನ್ನು ಪ್ರಯಾಣಕ್ಕೆ 60 ದಿನ ಮೊದಲು ಕೇಳಿದ್ದರಿಂದ ಎಲ್ಲ ಪಾವತಿಯೂ ಮಾರ್ಚ್ 31ರೊಳಗೆ ಮುಗಿದಿತ್ತು. ಹಾಗಾಗಿ ಊರಿಗೆ ಬಂದ ಎರಡೇ ತಿಂಗಳಿಗೆ, ಜುಲೈನ ರಿಟರ್ನ್ಸ್‌ನಲ್ಲೇ ಅದನ್ನು ತೋರಿಸಲು ಆಯಿತು. ಏಪ್ರಿಲ್‌ಗೆ ಜಾರಿದ್ದರೆ ಇನ್ನೊಂದು ವರ್ಷ ಕಾಯಬೇಕಿತ್ತು.